ಮಿಕ್ಸಿಂಗ್ ರೂಮಿನಿಂದ ಒಂದು ಪತ್ರ

ಸಂಪಾದಕರಿಗೆ ನಮಸ್ಕಾರ.

ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯಲ್ಲಿ ಡಿಜಿಟಲ್ ಕಂಪನಿಗಳ ಬಗ್ಗೆ ಒಂದು ಲೇಖನ ಬಂದಿತ್ತು. ಕೈಯಲ್ಲಿ ಒಂದು ಒಳ್ಳೆ ಮೊಬೈಲ್, ತಲೆಯಲ್ಲಿ ಒಂದು ಐಡಿಯಾ ಇದ್ದರೆ ಸಾಕು, ಹಳ್ಳಿಯಲ್ಲಿ ಕೂತೇ ವಿಡಿಯೊ ಕಂಪನಿ ಕಟ್ಟಿ ಲಕ್ಷಗಟ್ಟಲೆ ದುಡಿಯಬಹುದು ಅನ್ನುವ ಧಾಟಿಯದ್ದು. ಓದಿ ನಮ್ಮನೆಯವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆವತ್ತೇ ಬೆಳಿಗ್ಗೆ ಲೆಕ್ಕದ ಪುಸ್ತಕ ತೆಗೆದು ಕೂತಿದ್ದೆ, ಅದಕ್ಕಿರಬೇಕು.

ನಮ್ಮದೂ ಅಂಥದ್ದೇ ಒಂದು ಕಂಪನಿ. ಶಿರಸಿಯಲ್ಲಿದೆ. ಎಂಟು ಜನ ಇದ್ದೇವೆ, ನಾವಿಬ್ಬರೂ ಸೇರಿ. ಬೋರ್ಡಿನ ಮೇಲೆ ‘ಡಿಜಿಟಲ್ ಮೀಡಿಯಾ’ ಅಂತ ಬರೆಸಿ ಹತ್ತು ವರ್ಷದ ಮೇಲಾಯಿತು, ಊರವರು ಮಾತ್ರ ಇವತ್ತಿಗೂ ‘ವಿಡಿಯೊ ಅಂಗಡಿ’ ಅಂತಲೇ ಕರೆಯುವುದು. ನನಗೆ ಅದರಲ್ಲಿ ಬೇಜಾರಿಲ್ಲ, ಹುಟ್ಟಿದ್ದೇ ವಿಡಿಯೊ ಅಂಗಡಿಯಾಗಿ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ. ನಿಮ್ಮ ಲೇಖನದಲ್ಲಿ ಈ ಕಂಪನಿಗಳೆಲ್ಲ ಮಳೆಗಾಲದ ಅಣಬೆ ಹಾಗೆ ನಿನ್ನೆ ರಾತ್ರಿ ಎದ್ದವು ಅನ್ನುವ ಹಾಗಿತ್ತು. ಹಾಗಲ್ಲ. ತಾಲ್ಲೂಕು ಊರುಗಳಲ್ಲಿ ಇವತ್ತು ಡಾಕ್ಯುಮೆಂಟರಿ, ಜಾಹೀರಾತು, ಲೈವ್ ಅಂತ ಮಾಡುತ್ತಿರುವವರಲ್ಲಿ ನನಗೆ ಗೊತ್ತಿರುವ ಬಹಳಷ್ಟು ಜನ ಬಂದದ್ದು ಮದುವೆ ವಿಡಿಯೊದಿಂದ. ಅವರನ್ನು ಇಷ್ಟು ವರ್ಷ ಸಾಕಿದ್ದು ವ್ಯೂಸ್ ಅಲ್ಲ, ಬಿಲ್ಲು ಕೊಟ್ಟ ಜನ.

2001ರಲ್ಲಿ ನಮ್ಮನೆಯವರು ಸೊಸೈಟಿಯಲ್ಲಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ವಿಎಚ್‌ಎಸ್ ಕ್ಯಾಮೆರಾ ತಂದರಂತೆ. ಅಂತೆ ಯಾಕೆ ಅಂದರೆ ನಾನು ಮದುವೆಯಾಗಿ ಬಂದದ್ದು 2003ರಲ್ಲಿ. ಹೆಗಲ ಮೇಲೆ ಹೊರುವ ಕ್ಯಾಮೆರಾ, ನಾಲ್ಕು ಮದುವೆ ಮಾಡಿದರೆ ಒಂದು ಭುಜ ಇಳಿಯುತ್ತಿತ್ತು. ಜೊತೆಗೆ 1000 ವಾಟಿನ ಹ್ಯಾಲೊಜನ್ ಲೈಟು. ಅದನ್ನು ಹಿಡಿಯುವುದಕ್ಕೆ ಒಬ್ಬ ಹುಡುಗ, ಅವನ ಹಿಂದೆ ವೈರು, ವೈರಿನ ಮೇಲೆ ಕಾಲಿಟ್ಟು ಎಡವುವ ನೆಂಟರು. ಚಪ್ಪರದಲ್ಲಿ ಆ ಲೈಟು ಹಾಕಿದ ಕೂಡಲೇ ಇಡೀ ಮನೆಯ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಮದುಮಗಳಿಗೆ ಬೆವರು, ಪುರೋಹಿತರಿಗೆ ಸಿಟ್ಟು. ನಮ್ಮ ಮದುವೆಯಲ್ಲಿ ನಾನೂ ಆ ಲೈಟಿನಲ್ಲಿ ಬೆಂದವಳೇ. ತೆಗೆದದ್ದು ಇವರ ಗೆಳೆಯರು, ಅರ್ಧ ಟೇಪು ಫೋಕಸ್ಸೇ ಇಲ್ಲ.

ಮಿಕ್ಸಿಂಗ್ ಅನ್ನುವ ಶಬ್ದ ನಿಮ್ಮ ಈಗಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಎಡಿಟಿಂಗ್ ಅನ್ನುವುದಕ್ಕೆ ನಮ್ಮ ಲೈನಿನಲ್ಲಿ ಮಿಕ್ಸಿಂಗ್ ಅಂತಲೇ ಹೆಸರು. ಮೊದಮೊದಲು ಇವರು ಟೇಪಿನ ಗಂಟು ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದರು. ಅಲ್ಲಿ ಮಿಕ್ಸಿಂಗ್ ಮಾಡುವವರ ಮುಂದೆ ಸರದಿ ಕಾಯಬೇಕು. ಅವರು ಹೃದಯದ ಆಕಾರದೊಳಗೆ ಗಂಡು ಹೆಣ್ಣಿನ ಮುಖ ಕೂರಿಸಿ, ಸುತ್ತ ಗುಲಾಬಿ ಉದುರಿಸಿ, ಯಾವುದೋ ಸಿನಿಮಾ ಹಾಡು ತುಂಬಿ ಕೊಡುತ್ತಿದ್ದರು. ಹೋಗಿ ಬರುವ ಖರ್ಚು, ಅವರ ಚಾರ್ಜು ಎಲ್ಲ ಕಳೆದರೆ ಇವರ ಕೈಗೆ ಉಳಿಯುತ್ತಿದ್ದದ್ದು ಬೆನ್ನುನೋವು.

ಹಾಗಾಗಿ 2004ರಲ್ಲಿ ಒಂದು ಕಂಪ್ಯೂಟರು, ಟೇಪಿನಲ್ಲಿದ್ದದ್ದನ್ನು ಅದರೊಳಗೆ ಇಳಿಸುವ ಕ್ಯಾಪ್ಚರ್ ಕಾರ್ಡು ತಂದದ್ದು. ನಾನು ಬಿಕಾಂ ಮಾಡಿದವಳು, ಕಂಪ್ಯೂಟರಿನಲ್ಲಿ ಟ್ಯಾಲಿ ಒಂದು ಗೊತ್ತಿತ್ತು. ಇವರು ಹಗಲು ಶೂಟಿಂಗಿಗೆ ಹೋದರೆ ಕಂಪ್ಯೂಟರು ಸುಮ್ನೆ ಕೂತಿರುತ್ತಿತ್ತಲ್ಲ, ನಾನು ಒಂದೊಂದೇ ಬಟನ್ ಒತ್ತಿ ನೋಡುತ್ತ ಕಲಿತೆ. ಹೇಳಿಕೊಡುವವರು ಯಾರೂ ಇರಲಿಲ್ಲ, ಯೂಟ್ಯೂಬ್ ಅನ್ನುವುದೇ ಹುಟ್ಟಿರಲಿಲ್ಲ. ಆ ಹೊತ್ತಿಗೆ ನಾವು ಮಿನಿ ಡಿವಿ ಟೇಪಿಗೆ ಬಂದಿದ್ದೆವು. ಒಂದು ಟೇಪು ಅಂದರೆ 60 ನಿಮಿಷ, ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. ನಮ್ಮ ಹಾರ್ಡ್ ಡಿಸ್ಕು 80 ಜಿಬಿ. ಒಂದು ಮದುವೆಗೆ ನಾಲ್ಕು ಟೇಪು ಹಿಡಿದರೂ 52 ಜಿಬಿ ಆಯಿತು. ಅಂದರೆ ಒಬ್ಬರ ಮದುವೆ ಅಳಿಸದೆ ಇನ್ನೊಬ್ಬರ ಮದುವೆ ಒಳಗೆ ಬರುವ ಹಾಗಿರಲಿಲ್ಲ. ಮಿಕ್ಸಿಂಗ್ ಮಾಡಿದ್ದನ್ನೆಲ್ಲ ಕಂಪ್ಯೂಟರು ಕೂಡಿಸಿ ಒಂದೇ ವಿಡಿಯೊ ಮಾಡುವುದಕ್ಕೆ ರೆಂಡರ್ ಅನ್ನುತ್ತೇವೆ. ರಾತ್ರಿ ರೆಂಡರಿಗೆ ಹಾಕಿ ಮಲಗುವುದು, ಬೆಳಗಿನ ಜಾವ ಎದ್ದು ನೋಡುವುದು. ಜುಲೈ ತಿಂಗಳ ಶಿರಸಿಯ ಮಳೆ ನಿಮಗೆ ಗೊತ್ತಿದ್ದರೆ ಕರೆಂಟಿನ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. 92 ಪರ್ಸೆಂಟಿಗೆ ಬಂದು ನಿಂತ ರೆಂಡರನ್ನು ನೋಡಿ ಎಷ್ಟೋ ಸಲ ಅತ್ತಿದ್ದೇನೆ. ಯುಪಿಎಸ್ ತಂದದ್ದು ಆಮೇಲೆ, ನನ್ನ ಬಳೆ ಒತ್ತೆ ಇಟ್ಟು.

ಕನ್ನಡದ ಕಥೆ ಇನ್ನೊಂದು. ಆಗಿನ ಸಾಫ್ಟ್‌ವೇರಿನಲ್ಲಿ ಕನ್ನಡ ಯೂನಿಕೋಡ್ ಹಾಕಿದರೆ ಒತ್ತಕ್ಷರ ಎಲ್ಲ ಒಡೆದು ಪಕ್ಕದಲ್ಲಿ ಬಂದು ಕೂರುತ್ತಿತ್ತು. ‘ಲಕ್ಷ್ಮೀ’ ಅಂತ ಬರೆಸಲು ಹೋದರೆ ಅರ್ಧಚಂದ್ರ, ಚುಕ್ಕಿ ಏನೇನೋ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಆ ಫಾಂಟು ಹಾಕಿ, ಚಿತ್ರ ಮಾಡಿಕೊಂಡು ತಂದು ಅಂಟಿಸಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿಂದ. ಈಗ ಬಂದಿರುವ ಹುಡುಗರಿಗೆ ಇದನ್ನು ಹೇಳಿದರೆ ನಾನು ಬ್ರಿಟಿಷರ ಕಾಲದ ಕಥೆ ಹೇಳುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ.

ಆದರೆ ಕಂಪನಿ ಅಂತ ಏನಾದರೂ ಶುರುವಾಗಿದ್ದರೆ ಆ ಹಿಂದಿನ ಕೋಣೆಯಲ್ಲೇ. ಯಾಕೆ ಹೇಳುತ್ತೇನೆ ಅಂದರೆ, ಮಿಕ್ಸಿಂಗ್ ಮಾಡುವವಳು ಹೆಂಗಸು ಅಂತ ಗೊತ್ತಾದ ಮೇಲೆ ಮದುವೆ ಮನೆಯ ಹೆಂಗಸರು ಬಂದು ನನ್ನ ಪಕ್ಕ ಕೂರಲು ಶುರುಮಾಡಿದರು. ಗಂಡಸರು ಬಂದರೆ ಊಟದ ಪಂಕ್ತಿಯಲ್ಲಿ ಇಂಥವರು ಬಂದಿದ್ದಾರಾ ನೋಡಿ ಅನ್ನುವುದಷ್ಟೇ. ಹೆಂಗಸರು ಹಾಗಲ್ಲ. ಆ ಸೀನು ತೆಗಿ, ಅವಳಿಗೂ ಇವಳಿಗೂ ಈಗ ಮಾತಿಲ್ಲ. ಅಜ್ಜಿ ಆರತಿ ಎತ್ತಿದ್ದು ಪೂರ್ತಿ ಇರಲಿ, ಮುಂದಿನ ವರ್ಷ ಇರುತ್ತಾಳೋ ಇಲ್ಲವೋ. ಮಗಳನ್ನು ಕಳಿಸಿಕೊಡುವಾಗ ನಾನು ಅತ್ತದ್ದು ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು, ಒಂದು ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ನಾನು ಕಲಿತದ್ದು ಇವರಿಂದ. ಮುಂದೆ ಸಾಕ್ಷ್ಯಚಿತ್ರ ಅಂತ ಮಾಡಿದಾಗಲೂ ಇದೇ ಬುದ್ಧಿ ಉಪಯೋಗಕ್ಕೆ ಬಂತು. ಹೀಗೆ ಬಂದವರು ಹೋಗುವಾಗ ಇನ್ನೊಂದು ಮನೆಯ ಮದುವೆ ಹೇಳಿ ಹೋಗುತ್ತಿದ್ದರು. ನಮಗೆ ಮಾರ್ಕೆಟಿಂಗ್ ಅಂದರೆ ಅಷ್ಟೇ.

ಯಕ್ಷಗಾನ ಬಂದದ್ದು 2007ರಲ್ಲಿ. ನಮ್ಮ ಕಡೆ ಆಟ ಅಂದರೆ ರಾತ್ರಿ ಒಂಬತ್ತೂವರೆಗೆ ಶುರುವಾದರೆ ಬೆಳಗಿನ ತನಕ. ಮೊದಲನೇ ಸಲ ಕ್ಯಾಮೆರಾದ ಮೈಕಿನಲ್ಲೇ ರೆಕಾರ್ಡ್ ಮಾಡಿದೆವು. ಮನೆಗೆ ಬಂದು ಹಾಕಿದರೆ ಚಂಡೆ ಬಡಿದಾಗೆಲ್ಲ ಶಬ್ದ ಹರಿದು ಚೂರುಚೂರು, ಭಾಗವತರ ಪದ್ಯ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಎರಡನೇ ಸಲ ಸೌಂಡ್‌ನವರ ಮಿಕ್ಸರಿನಿಂದಲೇ ಲೈನ್ ತೆಗೆದುಕೊಂಡೆವು. ಆಗ ಇನ್ನೊಂದು ತೊಂದರೆ. ಪದ್ಯ ಚೆನ್ನಾಗಿ ಬಂತು, ಚಂಡೆ ಸತ್ತುಹೋಯಿತು, ಯಾಕೆಂದರೆ ಚಂಡೆಗೆ ಸಭೆಯಲ್ಲಿ ಮೈಕೇ ಬೇಡ, ಹಾಗಾಗಿ ಮಿಕ್ಸರಿಗೆ ಅದು ಹೆಚ್ಚು ಬರುವುದೇ ಇಲ್ಲ! ಕೊನೆಗೆ ಮಿಕ್ಸರಿನದ್ದು ಒಂದು, ಚಂಡೆಯಿಂದ ಸ್ವಲ್ಪ ದೂರ ಇಟ್ಟ ಬೇರೆ ಮೈಕಿನದ್ದು ಒಂದು, ಸಭೆಯ ಕಡೆ ತಿರುಗಿಸಿ ಇಟ್ಟದ್ದು ಇನ್ನೊಂದು, ಮೂರನ್ನೂ ಹೊಂದಿಸಿ ಕೂರಿಸುವುದು ಕಲಿತೆವು. ಇದಕ್ಕೆ ಎರಡು ವರ್ಷ ಹಿಡಿಯಿತು. ಒಬ್ಬ ಹಿರಿಯ ಭಾಗವತರು ಕೋಣೆಗೆ ಬಂದು ಕೇಳಿ, ತಲೆ ಅಲ್ಲಾಡಿಸಿ, ಮದ್ದಳೆ ಎಲ್ಲಿ ಹೋಯ್ತು ತಂಗೀ ಅಂದರು. ಸರಿ, ಮದ್ದಳೆಗೆ ಇನ್ನೊಂದು ಮೈಕು.

ದುಡ್ಡಿನ ದೃಷ್ಟಿಯಿಂದ ನೋಡಿದರೆ ಯಕ್ಷಗಾನದಿಂದ ನಮಗೆ ಬಂದದ್ದು ಪೆಟ್ರೋಲು, ಚಹಾ. ಆದರೆ ನಾಲ್ಕು ಮೈಕು ಹೊಂದಿಸಲು ಬರುತ್ತದೆ ಅನ್ನುವ ಹೆಸರು ಬಂತು. ಆ ಹೆಸರಿನ ಮೇಲೆ ಸಂಗೀತ ಕಛೇರಿ ಬಂತು, ಮಠದ ಪ್ರವಚನ ಬಂತು, ಶಾಲೆಯ ಶತಮಾನೋತ್ಸವ ಬಂತು.

ಈ ಮಧ್ಯೆ ಒಂದು ಪೆಟ್ಟೂ ತಿಂದೆವು, ಅದನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಫೋಟೊ ಕ್ಯಾಮೆರಾದಲ್ಲೇ ವಿಡಿಯೊ ತೆಗೆಯುವುದು ಬಂತಲ್ಲ, ಡಿಎಸ್‌ಎಲ್‌ಆರ್. ನಮ್ಮೂರಿಗೆ ಬರಲು ಮೂರು ನಾಲ್ಕು ವರ್ಷ ಹಿಡಿಯಿತು. ಹಿಂದೆ ಮಸುಕು, ಮುಂದೆ ಮುಖ ಹೊಳೆಯುವುದು, ಸಿನಿಮಾ ಥರ. ಎಲ್ಲರಿಗೂ ಅದೇ ಬೇಕು. ನಾವೂ ಸಾಲ ಮಾಡಿ ತಂದೆವು. ಆ ಕ್ಯಾಮೆರಾ ಒಂದೇ ಸಮ 12 ನಿಮಿಷ ರೆಕಾರ್ಡ್ ಆದರೆ ತಾನೇ ನಿಲ್ಲುತ್ತಿತ್ತು, ಮತ್ತೆ ಬಟನ್ ಒತ್ತಬೇಕು. ಪುಸ್ತಕದಲ್ಲಿ ಬರೆದಿತ್ತು, ನಾವು ಓದಿರಲಿಲ್ಲ. ಒಂದು ಮದುವೆಯಲ್ಲಿ ಸರಿಯಾಗಿ ಧಾರೆ ಹೊತ್ತಿಗೆ ನಿಂತಿದೆ, ಇವರಿಗೆ ಗೊತ್ತೇ ಆಗಿಲ್ಲ, ಕಣ್ಣಿಟ್ಟು ನೋಡುತ್ತಲೇ ಇದ್ದಾರೆ. ನಾನು ಮನೆಯಲ್ಲಿ ಫೈಲು ಇಳಿಸುವಾಗ ನೋಡುತ್ತೇನೆ, ಅಂತರಪಟ ಹಿಡಿದದ್ದಿದೆ, ಆಮೇಲೆ ನೇರ ಊಟ. ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯಿತು. ಇಬ್ಬರೂ ಅವರ ಮನೆಗೆ ಹೋಗಿ ಹೇಳಿದೆವು, ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆವು. ಮಗಳ ತಂದೆ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಉರಿಯಿತು. ಆವತ್ತಿನಿಂದ ಇವತ್ತಿನವರೆಗೂ ಧಾರೆಗೆ ಎರಡು ಕ್ಯಾಮೆರಾ ಇಲ್ಲದೆ ನಮ್ಮ ಹುಡುಗರು ಹೋಗುವ ಹಾಗಿಲ್ಲ. ವಿಶೇಷ ಏನೆಂದರೆ, ಏಳೆಂಟು ವರ್ಷ ಕಳೆದು ಅದೇ ಮನೆಯವರು ತಮ್ಮ ಎರಡನೇ ಮಗಳ ಮದುವೆಗೆ ನಮ್ಮನ್ನೇ ಕರೆದರು.

ಇಂಟರ್ನೆಟ್ಟಿನ ವಿಷಯ. ಈಗ ಲೈವ್ ಲೈವ್ ಅಂತ ಸುಲಭವಾಗಿ ಹೇಳುತ್ತೇವೆ. ಆಗ ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಅಪ್‌ಲೋಡ್ ಅಂದರೆ 512 ಕೆಬಿಪಿಎಸ್, ಅದೂ ಲೈನ್ ಸರಿ ಇದ್ದ ದಿನ. ಒಂದು ಜಿಬಿ ಮೇಲೆ ಹೋಗಲು ನಾಲ್ಕು ತಾಸಿನ ಮೇಲೆ ಬೇಕು. ನಾಲ್ಕು ಜಿಬಿಯ ಒಂದು ಪ್ರಸಂಗ ಹಾಕಬೇಕಂದರೆ ಇಡೀ ಹಗಲು, ಅರ್ಧ ರಾತ್ರಿ, ನಡುವೆ ಎಲ್ಲಾದರೂ ಮರ ಬಿದ್ದು ಲೈನ್ ಹೋದರೆ ಸೊನ್ನೆಯಿಂದ. ಬೆಂಗಳೂರಿನ ಗಿರಾಕಿಗೆ ವಿಡಿಯೊ ಕಳಿಸಲು ನಾವು ಕಂಡುಕೊಂಡ ಅತಿ ವೇಗದ ದಾರಿ ಯಾವುದು ಗೊತ್ತಾ? ರಾತ್ರಿ ಬಸ್ಸು. ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಒಂದು ಟವೆಲ್ ಸುತ್ತಿ, ಹೊರಟ ನೆಂಟರ ಕೈಯಲ್ಲಿ ಕೊಟ್ಟರೆ ಬೆಳಿಗ್ಗೆ ಅಲ್ಲಿರುತ್ತಿತ್ತು. ಟವೆಲ್ ಮಾತ್ರ ಒಂದೂ ವಾಪಸ್ ಬಂದದ್ದಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ನಮ್ಮ ಅಪ್‌ಲೋಡಿಗೆ ಅದರಿಂದ ತಕ್ಷಣ ದೊಡ್ಡ ಅನುಕೂಲ ಏನಾಗಲಿಲ್ಲ. ಆದರೆ ನೋಡುವವರು ಹುಟ್ಟಿಕೊಂಡರು. ಅಲ್ಲಿಯವರೆಗೆ ಜನ ಡೇಟಾ ಖಾಲಿಯಾಗುತ್ತದೆ ಅಂತ ವಿಡಿಯೊ ಮುಟ್ಟುತ್ತಿರಲಿಲ್ಲ. ಒಮ್ಮೆಲೇ ಗುಡ್ಡದ ಮೇಲೆ ಸಿಗ್ನಲ್ ಹುಡುಕಿಕೊಂಡು ಹೋಗಿ ಮೂರು ತಾಸಿನ ಆಟ ನೋಡುವವರು ಬಂದರು. ನಾವು ಮೊದಲೇ ಹಾಕಿಟ್ಟಿದ್ದ ಹಳೆಯ ಪ್ರಸಂಗಗಳು ಓಡತೊಡಗಿದವು. ಸರಿ, ಇನ್ನು ಯೂಟ್ಯೂಬಿನಿಂದಲೇ ಬದುಕು ಅಂತ ಇವರು ಕನಸು ಕಂಡರು. 2018ರ ಶುರುವಿನಲ್ಲಿ ಯೂಟ್ಯೂಬ್‌ನವರು ನಿಯಮ ಬದಲಿಸಿದರು, 1000 ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ 4000 ತಾಸು ನೋಡಿರಬೇಕು, ಆಗ ಮಾತ್ರ ಜಾಹೀರಾತಿನ ಪಾಲು. ಉದ್ದುದ್ದ ಆಟಗಳಿದ್ದದ್ದರಿಂದ ತಾಸಿಗೆ ನಮಗೆ ಕೊರತೆ ಆಗಲಿಲ್ಲ. ವಿಳಾಸ ಖಾತ್ರಿ ಮಾಡಲು ಗೂಗಲ್‌ನವರು ಪಿನ್ ಕಳಿಸುವುದು ಅಂಚೆಯಲ್ಲಿ! ನಮ್ಮ ಪೋಸ್ಟ್‌ಮ್ಯಾನ್ ಅದನ್ನು ತಂದು ಎಂಥದ್ದೋ ಫಾರಿನ್ ಕಾಗದ ಬಂದಿದೆ ಅಕ್ಕ ಅಂತ ಕೊಟ್ಟದ್ದು ನೆನಪಿದೆ. 100 ಡಾಲರ್ ಆಗುವ ತನಕ ದುಡ್ಡು ಕೈಗೆ ಬರುವುದಿಲ್ಲ. ನಮಗೆ ಮೊದಲ 100 ಡಾಲರ್ ಆಗಲು ಐದು ತಿಂಗಳು ಬೇಕಾಯಿತು. ಲೆಕ್ಕ ಹಾಕಿದೆ. ಒಂದು ಉಪನಯನದ ವಿಡಿಯೊಕ್ಕೆ ಸಿಗುವುದಕ್ಕಿಂತ ಕಡಿಮೆ.

ನಮ್ಮ ಚಾನೆಲ್ಲಿನಲ್ಲಿ ಅತಿ ಹೆಚ್ಚು ಜನ ನೋಡಿದ ವಿಡಿಯೊ ಯಾವುದು ಅಂದರೆ ಯಕ್ಷಗಾನ ಅಲ್ಲ, ಸಾಕ್ಷ್ಯಚಿತ್ರವೂ ಅಲ್ಲ. ಕಾರ್ಬನ್ ಫೈಬರ್ ದೋಟಿ. ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತದೆ, ನೆಲದ ಮೇಲೆ ನಿಂತೇ ಉದ್ದ ದೋಟಿಯಲ್ಲಿ ಅಡಿಕೆ ಕೊನೆ ಇಳಿಸುವುದು, ನಾಲ್ಕು ನಿಮಿಷದ ವಿಡಿಯೊ. ಮಧ್ಯಾಹ್ನ ಊಟ ಮಾಡಿ ಬೇಜಾರು ಬಂದು ತೆಗೆದದ್ದು. ಅದನ್ನು ಲಕ್ಷಗಟ್ಟಲೆ ಜನ ನೋಡಿದರು, ಅಡಿಕೆಯನ್ನೇ ಕಾಣದ ಊರಿನವರೂ ನೋಡಿದರು. ಜಾಹೀರಾತಿನಿಂದ ಬಂದದ್ದು ಅಷ್ಟಕ್ಕಷ್ಟೆ. ಆದರೆ ಆ ವಿಡಿಯೊ ನೋಡಿ ಅಡಿಕೆ ಸುಲಿಯುವ ಯಂತ್ರ ಮಾಡುವವರು, ಕಳೆ ಕೊಚ್ಚುವ ಯಂತ್ರ ಮಾರುವವರು, ಗೊಬ್ಬರದವರು ನಮ್ಮದೂ ಒಂದು ಮಾಡಿಕೊಡಿ ಅಂತ ಫೋನ್ ಮಾಡಿದರು. ಆ ಕೆಲಸ ಈಗಲೂ ನಡೆಯುತ್ತಿದೆ, ತಿಂಗಳಿಗೆ ಇಬ್ಬರ ಸಂಬಳ ಅದರಿಂದಲೇ. ಅಂದರೆ ವ್ಯೂಸ್ ಅನ್ನುವುದು ನಮ್ಮಂಥವರಿಗೆ ಅಂಗಡಿಯ ಬೋರ್ಡು ಇದ್ದ ಹಾಗೆ. ಬೋರ್ಡು ಬೇಯಿಸಿ ಊಟ ಮಾಡಲು ಬರುವುದಿಲ್ಲ, ಅಲ್ವಾ?

ಯೂಟ್ಯೂಬಿನಿಂದಲೇ ಬೆಳೆದವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಅಜ್ಜ ಮೊಮ್ಮಕ್ಕಳು ಹೊಲದ ಬದುವಿನಲ್ಲಿ ಅಡುಗೆ ಮಾಡುವ ವಿಲೇಜ್ ಕುಕಿಂಗ್ ಚಾನೆಲ್ 2018ರಲ್ಲಿ ಶುರುವಾಗಿ 2021ಕ್ಕೆ ಒಂದು ಕೋಟಿ ಸಬ್‌ಸ್ಕ್ರೈಬರ್ ಮುಟ್ಟಿತು. ಮಾತು ಅರ್ಥವಾಗದವರೂ ಅದನ್ನು ನೋಡುತ್ತಾರೆ, ಬೆಂಕಿ, ಪಾತ್ರೆ, ಮಸಾಲೆ ಎಲ್ಲರಿಗೂ ಅರ್ಥವಾಗುತ್ತದೆ. ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆಯನ್ನು ಹಾಗೆ ನೋಡಲು ಬರುತ್ತದೆಯೇ? ಅದು ಮಾತೇ. ಆ ಮಾತು ಬರುವಷ್ಟೇ ಜನ ನಮ್ಮ ಮಾರುಕಟ್ಟೆ.

2020ರ ಮಾರ್ಚಿನಲ್ಲಿ ನಮ್ಮ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ನಡೆಯುವುದು, ಆ ಸಲ ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮಗೂ ಎಡೆಬಿಡದ ಕೆಲಸ. ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಬುಕ್ ಆಗಿದ್ದ ಏಪ್ರಿಲ್, ಮೇ ಮದುವೆಗಳೆಲ್ಲ ಒಂದೊಂದಾಗಿ ಕ್ಯಾನ್ಸಲ್. ಆಗ ನಾವು ನಾಲ್ಕೇ ಜನ. ಎರಡು ತಿಂಗಳು ಸುಮ್ಮನೆ ಕೂತೆವು, ಕ್ಯಾಮೆರಾಕ್ಕೆ ಬೂಷ್ಟು ಬರದ ಹಾಗೆ ಅಕ್ಕಿ ಡಬ್ಬದ ಪಕ್ಕ ಬಲ್ಬು ಹಾಕಿ ಇಟ್ಟೆವು. ಆಮೇಲೆ ಮದುವೆಗಳು ಮನೆಯಂಗಳಕ್ಕೆ ಬಂದವು, ಐವತ್ತೇ ಜನ. ಬರಲಾಗದ ಉಳಿದವರಿಗೆ ತೋರಿಸುವುದು ಹೇಗೆ? ಲೈವ್. ಆ ಹೊತ್ತಿಗೆ ಬೆಂಗಳೂರಿಂದ ವಾಪಸ್ ಬಂದ ಸಾಫ್ಟ್‌ವೇರ್ ಮಕ್ಕಳ ಕಾಟಕ್ಕೆ ಹಳ್ಳಿಹಳ್ಳಿಗೂ ಫೈಬರ್ ಲೈನು ಎಳೆದಿದ್ದರು, ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು. ನಮಗೆ ಅದು ವರವಾಯಿತು. ಸಭಿಕರಿಲ್ಲದ ತಾಳಮದ್ದಳೆ ಮಾಡಿದೆವು, ಪಾತ್ರಗಳ ಮಾತಾಡುವ ಅರ್ಥಧಾರಿಗಳು ಖಾಲಿ ಕುರ್ಚಿಗಳಿಗೆ ಅರ್ಥ ಹೇಳಿದರು, ಅಮೆರಿಕದಲ್ಲಿ ಬೆಳಗಿನ ಕಾಫಿ ಹಿಡಿದುಕೊಂಡು ನಮ್ಮವರು ಕೇಳಿದರು. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆವು, ಕಲಾವಿದರಿಗೆ ಅಂತ. ಜನ ಕೊಟ್ಟರು. ಯಾರೂ ಕೇಳದೆ ಕೊಟ್ಟರು. ಅಪರಕ್ರಿಯೆಯನ್ನೂ ಲೈವ್ ಮಾಡಬೇಕಾಯಿತು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ಕೆಲಸಕ್ಕೆ ನಾವು ದುಡ್ಡು ತೆಗೆದುಕೊಂಡಿಲ್ಲ.

ಆ ಎರಡು ವರ್ಷದಲ್ಲೇ ನಾವು ನಾಲ್ಕರಿಂದ ಎಂಟಾದದ್ದು. ಒಂದು ಕೋಣೆ ಇದ್ದದ್ದು ಮೂರಾಯಿತು, ಧ್ವನಿಗೆ ಒಂದು ಬೇರೆ ಕೋಣೆ. ಜಿಎಸ್‌ಟಿ ನಂಬರ್, ಸಣ್ಣ ಉದ್ಯಮ ಅಂತ ‘ಉದ್ಯಮ್’ ನೋಂದಣಿ ಎಲ್ಲ ಮಾಡಿಸಿದೆವು, ಅದಿಲ್ಲದೆ ದೊಡ್ಡ ಕೆಲಸ ಯಾರೂ ಕೊಡುವುದಿಲ್ಲ. ದೊಡ್ಡ ಕೆಲಸ ಬಂತು ಕೂಡ. ನಾನು ಇಷ್ಟುದ್ದ ಬರೆದದ್ದೇ ಈ ಮಾತು ಹೇಳಲು.

ನಮ್ಮ ಹಳೆಯ ಗಿರಾಕಿಗಳಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಮದುವೆ ಮೇ ತಿಂಗಳಲ್ಲಿ ಆಗಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ಅಡಿಕೆಯನ್ನು ಮಾರಾಟದ ಟೆಂಡರ್‌ಗೆ ಹಾಕಿದ ಮೇಲೆ ಕೊಡುತ್ತೇನೆ ಅಂತ ಹೇಳಿ ಹೋಗುತ್ತಾರೆ. ಬರೆದದ್ದಿಲ್ಲ, ಸಹಿ ಇಲ್ಲ. ಇಪ್ಪತ್ತು ವರ್ಷದ ನನ್ನ ಪುಸ್ತಕದಲ್ಲಿ ಹಾಗೆ ಹೇಳಿ ಕೊಡದೇ ಹೋದವರು ಐದು ಮನೆ, ಅದರಲ್ಲಿ ಎರಡು ಮನೆಯಲ್ಲಿ ಕೊಳೆರೋಗ ಬಂದು ತೋಟವೇ ಕೈಬಿಟ್ಟಿತ್ತು. ಇನ್ನು ಸೀಲು, ಸಹಿ, ವರ್ಕ್ ಆರ್ಡರ್ ಎಲ್ಲ ಇರುವ ದೊಡ್ಡ ಗಿರಾಕಿಯ ಕಥೆ ಕೇಳಿ. ಹೆಸರು ಹೇಳುವುದಿಲ್ಲ. ಆರು ಕಿರುಚಿತ್ರ, ಮೂರು ತಿಂಗಳ ಕೆಲಸ. ಎರಡು ಲಕ್ಷದ ಬಿಲ್ಲು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 36,000. ಜಿಎಸ್‌ಟಿ ಕಟ್ಟಬೇಕಾದದ್ದು ದುಡ್ಡು ಬಂದಾಗ ಅಲ್ಲ, ಬಿಲ್ಲು ಹಾಕಿದ ಮುಂದಿನ ತಿಂಗಳು. ನಾನು 20ನೇ ತಾರೀಖಿಗೆ ಕೈಯಿಂದ ಕಟ್ಟಿದೆ. ಅವರು ವಿಡಿಯೊ ತೆಗೆದುಕೊಂಡರು, ಸಭೆಯಲ್ಲಿ ತೋರಿಸಿದರು, ಚಪ್ಪಾಳೆ ಹೊಡೆಸಿಕೊಂಡರು. ದುಡ್ಡು ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಈಗ ಇನ್ನೊಂದು ಕಡೆಯದ್ದು ಬಾಕಿ ಇದೆ, ಅದಕ್ಕೂ ಏಳು ತಿಂಗಳಾಯಿತು. ಫೋನ್ ಮಾಡಿದರೆ ಫೈಲು ಮೇಲೆ ಹೋಗಿದೆ ಮೇಡಂ ಅನ್ನುತ್ತಾರೆ. ಎಷ್ಟು ಮೇಲೆ ಅಂತ ಕೇಳಬೇಕು ಅನ್ನಿಸುತ್ತದೆ.

ಕಾನೂನು ಇಲ್ಲವಾ? ಇದೆ. ಸಣ್ಣ ಉದ್ಯಮಗಳ ಕಾಯ್ದೆ 2006ರದ್ದು. ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನ ದಾಟುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಕೊಡಲು ಒಂದು ಸರ್ಕಾರಿ ಪೋರ್ಟಲ್ಲೂ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ, ಸಣ್ಣವರಿಗೆ ಹೊತ್ತಿಗೆ ಸರಿಯಾಗಿ ಕೊಡದ ವ್ಯಾಪಾರಸ್ಥರು ಆ ವರ್ಷ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಖಾಸಗಿ ಅಂಗಡಿಯವರು ಇದಕ್ಕೆ ಸ್ವಲ್ಪ ಹೆದರಿದ್ದಾರೆ, ಮಾರ್ಚ್ ಕೊನೆಯ ವಾರ ಅವರೇ ಫೋನ್ ಮಾಡಿ ಅಕೌಂಟ್ ನಂಬರ್ ಕೇಳುತ್ತಾರೆ. ಆದಾಯ ತೆರಿಗೆಯೇ ಕಟ್ಟದ ಕಚೇರಿಗಳಿಗೆ ಈ ಹೆದರಿಕೆ ಎಲ್ಲಿಂದ ಬರಬೇಕು? ಪುಸ್ತಕದ ಪ್ರಕಾರ ನೋಡಿದರೆ ನಾವು ಚಕ್ರಬಡ್ಡಿ ಬರಬೇಕಾದ ಸಾಹುಕಾರರು. ಆದರೆ ಒಂದು ಸಲ ದೂರು ಕೊಟ್ಟೆವು ಅಂತಿಟ್ಟುಕೊಳ್ಳಿ, ಆ ಬಾಗಿಲಿಗೆ ಮತ್ತೆ ಹೋಗುವ ಹಾಗಿಲ್ಲ, ಪಕ್ಕದ ಬಾಗಿಲಿಗೂ ಸುದ್ದಿ ಮುಟ್ಟಿರುತ್ತದೆ. ಎಂಟು ಜನರ ಸಂಬಳ ಕೊಡುವವಳು ಆ ಧೈರ್ಯ ಮಾಡುವುದಿಲ್ಲ. ನಾನೂ ಮಾಡಿಲ್ಲ, ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಅನಿಮೇಷನ್, ವಿಎಫ್‌ಎಕ್ಸ್ ಅಂದರೆ ಕಂಪ್ಯೂಟರಿನಲ್ಲಿ ದೃಶ್ಯ ಕೂರಿಸುವುದು, ಗೇಮಿಂಗ್ ಇವಕ್ಕೆಲ್ಲ 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. 2024ರಲ್ಲಿ ಹೊಸ ನೀತಿಯೂ ಬಂದಿದೆ. ಬೆಂಗಳೂರಿನಾಚೆಗೂ ಕೆಲಸ ಹೋಗಬೇಕು ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ಬಹಳ ಸಂತೋಷ, ವ್ಯಂಗ್ಯ ಅಲ್ಲ, ನಿಜವಾಗಿಯೂ. ನಮ್ಮಲ್ಲಿ ಕೆಲಸಕ್ಕಿರುವ ಮೂವರು ಹುಡುಗಿಯರು ಬೆಂಗಳೂರಿಗೆ ಹೋಗದೆ ಮನೆಯಿಂದ ಸ್ಕೂಟಿಯಲ್ಲಿ ಬಂದು ಹೋಗುತ್ತಾರೆ, ಇದು ಹತ್ತು ಊರಿನಲ್ಲಿ ಆಗಲಿ. ಆದರೆ ನಮಗೆ ಸಬ್ಸಿಡಿ ಬೇಡ, ಕಟ್ಟಡ ಬೇಡ, ತರಬೇತಿ ಶಿಬಿರದ ಉದ್ಘಾಟನೆಗೆ ಬಂದು ಕೂರಿ ಅನ್ನುವುದೂ ಬೇಡ. ಮಾಡಿಸಿಕೊಂಡ ಕೆಲಸದ ದುಡ್ಡನ್ನು 45 ದಿನದೊಳಗೆ ಕೊಡಲಿ. ಕೊಡಲು ಆಗದಿದ್ದರೆ ಕನಿಷ್ಠ ಜಿಎಸ್‌ಟಿಯ ಪಾಲನ್ನಾದರೂ ಮೊದಲು ಬಿಡುಗಡೆ ಮಾಡಲಿ, ಅದು ಹೇಗೂ ಸರ್ಕಾರಕ್ಕೇ ಹೋಗುವ ದುಡ್ಡು. ಜಿಲ್ಲೆ ಜಿಲ್ಲೆಯ ಕಚೇರಿಗಳಲ್ಲಿ ಯಾರಿಗೆ ಎಷ್ಟು ದಿನದಿಂದ ಬಾಕಿ ಅನ್ನುವುದನ್ನು ಬೋರ್ಡಿನ ಮೇಲೆ ಹಾಕಲಿ, ಆಗ ನಾವು ಯಾರೂ ದೂರು ಕೊಡಬೇಕಾದ ಅಗತ್ಯವೇ ಇರುವುದಿಲ್ಲ. ನಿಮ್ಮ ವರದಿಗಾರರು ಒಂದು ದಿನ ಈ ಲೆಕ್ಕವನ್ನೂ ಕೇಳಿಕೊಂಡು ಬರಲಿ, ಸಬ್‌ಸ್ಕ್ರೈಬರ್ ಎಷ್ಟು ಅಂತ ಕೇಳುವುದರ ಜೊತೆಗೆ.

ಇನ್ನೊಂದು ವಿಷಯ, ಇದಕ್ಕೂ ಮೇಲಿನದ್ದಕ್ಕೂ ಸಂಬಂಧ ಇಲ್ಲ. ನಮ್ಮ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ವಿಸಿಆರ್ ಇನ್ನೂ ಜೀವ ಹಿಡಿದುಕೊಂಡಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರ ಅಟ್ಟದ ಮೇಲಾದರೂ ಹಳೆಯ ಆಟದ, ತಾಳಮದ್ದಳೆಯ ವಿಎಚ್‌ಎಸ್ ಟೇಪುಗಳಿದ್ದರೆ ಮಳೆ ಹಿಡಿಯುವುದರೊಳಗೆ ತಂದುಕೊಡಿ. ನಮ್ಮ ಹವೆಗೆ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ, ಅದು ಕಂಡರೆ ದಯವಿಟ್ಟು ಮನೆಯ ವಿಸಿಆರ್‌ಗೆ ಹಾಕಿ ನೋಡಬೇಡಿ, ಹೆಡ್ಡೂ ಹೋಗುತ್ತದೆ, ಟೇಪೂ ಹೋಗುತ್ತದೆ. ಹಾಗೇ ತನ್ನಿ, ಒರೆಸುವುದು ನನಗೆ ಗೊತ್ತಿದೆ. ಯಕ್ಷಗಾನದ್ದಾದರೆ ದುಡ್ಡು ಬೇಡ, ಒಂದು ಪ್ರತಿ ನಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಅಷ್ಟೆ. ಮದುವೆಯದ್ದಾದರೆ ಚಾರ್ಜು ಇದೆ, ಅಡಿಕೆ ಟೆಂಡರ್ ಆದ ಮೇಲೆ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಓದುಗಳೊಬ್ಬಳು
ಶಿರಸಿ, ಉತ್ತರ ಕನ್ನಡ